ಕಾಲೇಜು ಮಕ್ಕಳಿಗೆ ಲಿಂಕ್ಡ್‌ಇನ್‌ನಲ್ಲಿ ಹೇಗೆ ನಡ್ಕೋಬೇಕು ಅಂತ ಹೇಳ್ಕೊಡ್ಬೇಕು, ಕೆಲ್ಸದಲ್ಲಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಪ್ಲೇಸ್‌ಮೆಂಟ್_ಮೇಡಂ:

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡ್ತೀನಿ, ಜೊತೆಗೆ ನಮ್ಮ ಡಿಪಾರ್ಟ್‌ಮೆಂಟಿನ ಪ್ಲೇಸ್‌ಮೆಂಟ್ ಕೆಲ್ಸಾನೂ ನಂದೇ. ಕ್ಯಾಂಪಸ್‌ಗೆ ಬರೋ ಕಂಪನಿಗಳು ಕಮ್ಮಿ, ಬಂದ್ರೂ ತಗೊಳ್ಳೋದು ನಾಲ್ಕೋ ಐದೋ ಜನಾನ, ಹಾಗಾಗಿ ಏಳನೇ ಸೆಮ್ ಬಂತು ಅಂದ್ರೆ ಎಲ್ರೂ ಲಿಂಕ್ಡ್‌ಇನ್ ಹಿಡ್ಕೊಂಡು ಕೂತ್ಕೋತಾರೆ. ಈ ಮಕ್ಕಳ ಮನೇಲಿ ಕಾರ್ಪೊರೇಟ್ ಆಫೀಸು ನೋಡಿದೋರು ಬಹಳ ಕಮ್ಮಿ. ಅಪ್ಪಂದು ಅಡಿಕೆ ತೋಟ, ಇಲ್ಲಾ ಕಿರಾಣಿ ಅಂಗಡಿ, ಇಲ್ಲಾ ಬಸ್ ಕಂಡಕ್ಟರ್ ಕೆಲ್ಸ. ಬೆಂಗ್ಳೂರಿನ ಹುಡುಗ್ರಿಗೆ ಮಾವನೋ ಚಿಕ್ಕಪ್ಪನೋ ಊಟಕ್ಕೆ ಕೂತಾಗ ಹೇಳ್ಕೊಡೋ ವಿಷ್ಯಾನ ಇವ್ರಿಗೆ ಯಾರು ಹೇಳ್ಬೇಕು? ಅದಕ್ಕೇ ಈ ಸಲ ಒಂದಿಡೀ ಮಧ್ಯಾಹ್ನ ಇದಕ್ಕೇ ಇಡೋಣ ಅಂತ HODನ ಒಪ್ಪಿಸಿದ್ದೀನಿ.

ಏನಾಗ್ತಿದೆ ಅಂದ್ರೆ, ನಮ್ಮ ಹಳೇ ವಿದ್ಯಾರ್ಥಿ ಒಬ್ರು ಒಳ್ಳೇ ಕಂಪನೀಲಿದಾರೆ, ಅವ್ರಿಗೆ ಒಂದೇ ವಾರದಲ್ಲಿ ಇಡೀ ಸೆಕ್ಷನ್ನಿಂದ ಒಂದೇ ಮೆಸೇಜು, ಅಕ್ಷರ ಅಕ್ಷರ ಒಂದೇ, ಕಾಪಿ ಪೇಸ್ಟ್ ಮಾಡಿ ಹೋಗಿದೆ. ಅವ್ರು ಬೇಜಾರಾಗಿ ನಂಗೆ ಫೋನ್ ಮಾಡಿದ್ರು. ಮಕ್ಕಳದ್ದು ದುರುದ್ದೇಶ ಏನಿಲ್ಲ, ಗೊತ್ತಿಲ್ಲ ಅಷ್ಟೇ. ಗುರುತಿಲ್ಲದೋರಿಗೆ ರಿಕ್ವೆಸ್ಟ್ ಕಳ್ಸಬಹುದಾ, ಕಳ್ಸಿದ್ರೆ ಏನು ಬರೀಬೇಕು, ರೆಫರಲ್ ಕೇಳೋದು ಹೇಗೆ, ಉತ್ತರ ಬರ್ಲಿಲ್ಲ ಅಂದ್ರೆ ಎಷ್ಟು ಸಲ ಕೇಳಬಹುದು, ಈ 'ಇಂಟರೆಸ್ಟೆಡ್' ಅಂತ ಕಾಮೆಂಟ್ ಹಾಕೋದ್ರಿಂದ ಏನಾದ್ರೂ ಉಪಯೋಗ ಇದ್ಯಾ, ಇದೆಲ್ಲ ನಿಮ್ಮ ಬಾಯಿಂದಾನೇ ಕೇಳ್ಬೇಕು. ಹೆಣ್ಮಕ್ಕಳು ಇನ್ನೊಂದು ವಿಷ್ಯ ಹೇಳ್ತಾರೆ, ಕೆಲ್ಸದ ಮಾತು ಅಂತ ಶುರು ಮಾಡಿ ಬೇರೆ ಎಲ್ಲಿಗೋ ಹೋಗೋ ಮೆಸೇಜುಗಳು, ಅದರ ಬಗ್ಗೇನೂ ಯಾರಾದ್ರೂ ಹೇಳಿದ್ರೆ ಉಪಕಾರ ಆಗುತ್ತೆ.

---

ಔಟರ್_ರಿಂಗ್_ರೋಡ್:

ಮೇಡಂ ನೀವು ಇದನ್ನ ಕ್ಲಾಸಾಗಿ ತಗೋತಿರೋದೇ ದೊಡ್ಡ ವಿಷ್ಯ. ನಾನು ಬೆಂಗ್ಳೂರಲ್ಲಿ ಸಾಫ್ಟ್‌ವೇರ್ ಕಂಪನೀಲಿದೀನಿ, ರೆಫರಲ್ ಕೇಳೋ ಮೆಸೇಜು ದಿನಾ ಬರ್ತಾವೆ, ಹಾಗಾಗಿ ತಗೊಳ್ಳೋ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ಮೊದಲು ರೆಫರಲ್ ಅಂದ್ರೆ ಏನು ನಡಿಯುತ್ತೆ ಅಂತ ಮಕ್ಕಳಿಗೆ ಹೇಳಿ, ಅದು ಗೊತ್ತಾದ್ರೆ ಅರ್ಧ ಸಮಸ್ಯೆ ಮುಗೀತು. ಎಷ್ಟೋ ಹುಡುಗ್ರು ರೆಫರಲ್ ಅಂದ್ರೆ ನಾವು ಮ್ಯಾನೇಜರ್ ಹತ್ರ ಹೋಗಿ ಒಂದು ಮಾತು ಹೇಳಿದ್ರೆ ಕೆಲ್ಸ ಸಿಗುತ್ತೆ ಅನ್ಕೊಂಡಿದಾರೆ. ಹಾಗಿಲ್ಲ. ನಾವು ಕಂಪನಿಯ ಪೋರ್ಟಲ್‌ಗೆ ಹೋಗಿ ಜಾಬ್ ಐಡಿ ಹಾಕ್ಬೇಕು, ರೆಸ್ಯೂಮ್ ಅಪ್‌ಲೋಡ್ ಮಾಡ್ಬೇಕು, ಇವ್ರು ನಿಂಗೆ ಹೇಗೆ ಪರಿಚಯ, ಎಷ್ಟು ವರ್ಷದಿಂದ ಗೊತ್ತು, ಈ ಕೆಲ್ಸಕ್ಕೆ ಯಾಕೆ ಸರಿ ಅಂತ ಎಷ್ಟೋ ಕಡೆ ಕೇಳುತ್ತೆ. ಅಲ್ಲಿ ನಮ್ಮ ಹೆಸರು ನಿಲ್ಲುತ್ತೆ. ಮೂರು ನಾಲ್ಕು ಸಲ ಸಂಬಂಧ ಇಲ್ಲದ ರೆಸ್ಯೂಮ್ ಹಾಕಿದ್ರೆ ಆಮೇಲೆ ನಮ್ಮ ರೆಫರಲ್‌ನ ರಿಕ್ರೂಟರ್ ನೋಡೋದೇ ಕಮ್ಮಿ ಆಗುತ್ತೆ. ಇನ್ನೊಂದು, ಹುಡುಗ ತಾನೇ ಮೊದ್ಲು ಅಪ್ಲೈ ಮಾಡ್ಬಿಟ್ಟು ಆಮೇಲೆ ರೆಫರ್ ಮಾಡಿ ಅಂದ್ರೆ ತುಂಬಾ ಕಂಪನಿಗಳಲ್ಲಿ ಅದು ರೆಫರಲ್ ಅಂತ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಅಪ್ಲೈ ಮಾಡೋಕೆ ಮುಂಚೆ ಕೇಳ್ಬೇಕು.

ಈಗ ಮೆಸೇಜು. ನಂಗೆ ಬರೋದು ಸಾಮಾನ್ಯವಾಗಿ ಹೀಗೆ: "ಹಾಯ್ ಸರ್, ಐ ಆಮ್ 2025 ಪಾಸ್ಡ್ ಔಟ್, ಪ್ಲೀಸ್ ರೆಫರ್ ಮಿ ಫಾರ್ ಎನಿ ರೋಲ್ ಇನ್ ಯುವರ್ ಕಂಪನಿ." ಈ 'ಎನಿ ರೋಲ್' ಅನ್ನೋದೇ ತೊಂದ್ರೆ. ನಮ್ಮ ಕರಿಯರ್ಸ್ ಪೇಜಲ್ಲಿ ನೂರಾರು ಓಪನಿಂಗ್ ಇರ್ತಾವೆ, ಅದ್ರಲ್ಲಿ ಯಾವ್ದು ಈ ಹುಡುಗನಿಗೆ ಹೊಂದುತ್ತೆ ಅಂತ ಹುಡುಕೋ ಕೆಲ್ಸಾನೂ ನನ್ನ ತಲೆಗೇ ಕಟ್ಟಿದ ಹಾಗಾಯ್ತು. ಕೆಲವ್ರು ಚಾಟ್‌ಜಿಪಿಟಿ ಹತ್ರ ಬರೆಸಿ ಓದೋಕೂ ಹೋಗ್ದೆ ಕಳಿಸ್ತಾರೆ, ಹೆಸರು ತುಂಬ್ಬೇಕಾದ ಜಾಗದಲ್ಲಿ 'ನಿಮ್ಮ ಕಂಪನಿ ಹೆಸರು ಇಲ್ಲಿ ಹಾಕಿ' ಅನ್ನೋ ಅರ್ಥದ ಸಾಲು ಹಾಗೇ ಉಳ್ಕೊಂಡಿರೋದನ್ನೂ ನೋಡಿದೀನಿ.

ಹೋದ ವರ್ಷ ಒಬ್ಬ ಹುಡುಗಿ ಕಳ್ಸಿದ್ದು ಇಂಗ್ಲಿಷಲ್ಲಿತ್ತು, ಕನ್ನಡದಲ್ಲಿ ಹೇಳೋದಾದ್ರೆ ಹೀಗಿತ್ತು: "ನಮಸ್ಕಾರ ಸರ್, ನಿಮ್ಮ ಕಂಪನೀಲಿ ಟೆಸ್ಟಿಂಗ್‌ಗೆ ಫ್ರೆಶರ್ ಓಪನಿಂಗ್ ಇರೋದು ನೋಡಿದೆ, ಜಾಬ್ ಐಡಿ ಕೆಳಗಿದೆ. ಸೆಲೆನಿಯಂ ಅನ್ನೋ ಟೆಸ್ಟಿಂಗ್ ಟೂಲ್ ಇಟ್ಕೊಂಡು ನಮ್ಮ ಕಾಲೇಜು ಲೈಬ್ರರಿ ಸೈಟಿಗೆ ಟೆಸ್ಟ್ ಬರೆದಿದ್ದೀನಿ, ಗಿಟ್‌ಹಬ್ ಲಿಂಕ್ ಇಲ್ಲಿದೆ. ಈ ಕೆಲ್ಸಕ್ಕೆ ನನ್ನ ರೆಸ್ಯೂಮ್ ಹೊಂದುತ್ತೆ ಅನ್ಸಿದ್ರೆ ಮಾತ್ರ ರೆಫರ್ ಮಾಡಿ, ಆಗಲ್ಲ ಅಂದ್ರೂ ಏನೂ ತೊಂದ್ರೆ ಇಲ್ಲ." ನಾನು ಅವತ್ತು ರಾತ್ರೀನೇ ಲಿಂಕ್ ತೆಗ್ದು ನೋಡಿ ರೆಫರ್ ಮಾಡ್ದೆ. ಅವ್ಳು ಅದಕ್ಕೆ ಸೆಲೆಕ್ಟ್ ಆಗ್ಲಿಲ್ಲ. ಆದ್ರೆ ಮೊದಲ ರೌಂಡ್ ಆಯ್ತು ಸರ್, ಎರಡನೇದ್ರಲ್ಲಿ ಹೋಯ್ತು, ಎಸ್‌ಕ್ಯೂಎಲ್ ಸರಿಯಾಗಿ ಬರ್ಲಿಲ್ಲ, ಅದನ್ನ ಓದ್ತಿದೀನಿ ಅಂತ ಅವ್ಳೇ ತಿಳಿಸಿದ್ಲು. ಆರು ತಿಂಗಳ ಮೇಲೆ ಪಕ್ಕದ ಟೀಮಲ್ಲಿ ಜಾಗ ಖಾಲಿ ಆದಾಗ ನಂಗೆ ನೆನಪಾಗಿದ್ದು ಅವಳ ಹೆಸರೇ. ಸಹಾಯ ತಗೊಂಡ್ಮೇಲೆ ಏನಾಯ್ತು ಅಂತ ವಾಪಸ್ ಹೇಳೋರು ನೂರಕ್ಕೆ ಒಬ್ರೂ ಸಿಗಲ್ಲ ಮೇಡಂ, ಮಕ್ಕಳಿಗೆ ಬೇರೇನೂ ಹೇಳಕ್ಕಾಗ್ಲಿಲ್ಲ ಅಂದ್ರೂ ಇದೊಂದು ಹೇಳಿ.

ರಿಕ್ವೆಸ್ಟ್ ಜೊತೆ ಕಳ್ಸೋ ನೋಟಿಗೆ ಫ್ರೀ ಅಕೌಂಟಲ್ಲಿ 200 ಅಕ್ಷರ ಮಾತ್ರ ಬಿಡ್ತಾರೆ, ಅದೂ ತಿಂಗಳಿಗೆ ಕೆಲವೇ ನೋಟು. ಹಾಗಾಗಿ ಅದನ್ನ ಸಿಕ್ಕಸಿಕ್ಕೋರಿಗೆ ಖರ್ಚು ಮಾಡ್ಬಾರ್ದು. ಯಾರು, ಎಲ್ಲಿಂದ, ಯಾಕೆ, ಇಷ್ಟು ಹಿಡಿಯುತ್ತೆ, ಸಾಕು. 'ನಾನು ನಿಮ್ಮ ಕಾಲೇಜಿನ ಜೂನಿಯರ್, ನೀವು ಎಂಬೆಡೆಡ್ ಕೆಲ್ಸದ ಬಗ್ಗೆ ಹಾಕಿದ ಪೋಸ್ಟ್ ಓದಿದೆ, ನಿಮ್ಮಿಂದ ಕಲಿಯೋಕೆ ಕನೆಕ್ಟ್ ಆಗ್ಬೇಕು ಅಂತಿದೀನಿ.' ಆ ನೋಟಲ್ಲೇ ಕೆಲ್ಸ ಕೇಳ್ಬೇಡಿ, ಹೊಸ್ತಿಲು ದಾಟೋಕೆ ಮುಂಚೇನೇ ಸಾಲ ಕೇಳಿದ ಹಾಗಿರುತ್ತೆ.

ಈ '500+' ಅಂತ ಕಾಣ್ಸೋ ಹುಚ್ಚು ಬೇರೆ ಇದೆ, 500 ಕನೆಕ್ಷನ್ ದಾಟಿದ್ರೆ ಪ್ರೊಫೈಲಲ್ಲಿ ಹಾಗೆ ಬರುತ್ತೆ ಅಂತ ದೇಶದಲ್ಲಿರೋರಿಗೆಲ್ಲ ರಿಕ್ವೆಸ್ಟ್ ಒತ್ತೋದು. ಸುಮಾರು ಜನ 'ಈ ವ್ಯಕ್ತಿ ನಂಗೆ ಗೊತ್ತಿಲ್ಲ' ಅಂತ ಒತ್ತಿದ್ರೆ ಲಿಂಕ್ಡ್‌ಇನ್ ಆ ಅಕೌಂಟಿನ ಮೇಲೇ ನಿರ್ಬಂಧ ಹಾಕುತ್ತೆ. ಆಮೇಲೆ ನಿಜವಾಗ್ಲೂ ಬೇಕಾದಾಗ ರಿಕ್ವೆಸ್ಟ್ ಕಳ್ಸಕ್ಕಾಗಲ್ಲ. ಫೋನಿನ ಕಾಂಟ್ಯಾಕ್ಟ್ಸ್, ಜಿಮೇಲ್ ಕಾಂಟ್ಯಾಕ್ಟ್ಸ್ ಸಿಂಕ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಹಿಂದೆ ಹಾಗೆ ಕೊಟ್ಟೋರ ಹೆಸರಲ್ಲಿ ಅವ್ರ ಪರಿಚಯದೋರಿಗೆಲ್ಲ ಮತ್ತೆ ಮತ್ತೆ ನೆನಪೋಲೆ ಈಮೇಲ್ ಹೋಗ್ತಿತ್ತು, ಅಮೆರಿಕದಲ್ಲಿ ಅದರ ಮೇಲೆ ಕೇಸಾಗಿ 2015ರಲ್ಲಿ ಲಿಂಕ್ಡ್‌ಇನ್ 1.3 ಕೋಟಿ ಡಾಲರಿಗೆ ರಾಜಿ ಮಾಡ್ಕೊಂಡಿತು.

---

ಎಚ್‌ಆರ್_ಮೈಸೂರು:

ರಿಂಗ್ ರೋಡ್ ಅವ್ರು ಹೇಳಿದ್ದೆಲ್ಲ ಸರಿ, ನಾನು ರಿಕ್ರೂಟರ್ ಕಡೆಯಿಂದ ಸೇರಿಸ್ತೀನಿ.

'ಇಂಟರೆಸ್ಟೆಡ್' ಕಾಮೆಂಟ್ ಬಗ್ಗೆ ಕೇಳಿದ್ರಿ. ಮೇಡಂ, ಒಂದು ಪೋಸ್ಟಿನ ಕೆಳಗೆ ಸಾವಿರಾರು 'ಇಂಟರೆಸ್ಟೆಡ್' ಇದ್ರೆ ಯಾವ ರಿಕ್ರೂಟರೂ ಒಂದೊಂದೇ ಪ್ರೊಫೈಲ್ ತೆಗ್ದು ನೋಡಲ್ಲ, ನೋಡೋಕಾಗಲ್ಲ. ಪೋಸ್ಟಲ್ಲಿ ಲಿಂಕೋ ಈಮೇಲೋ ಕೊಟ್ಟಿದ್ರೆ ಅಲ್ಲಿಗೆ ಅಪ್ಲೈ ಮಾಡ್ಬೇಕು. ಲಿಂಕೂ ಇಲ್ಲ ಜಾಬ್ ಐಡೀನೂ ಇಲ್ಲ, ಬರೀ 'ಇಂಟರೆಸ್ಟೆಡ್ ಅಂತ ಕಾಮೆಂಟ್ ಮಾಡಿ, ನಾಲ್ಕು ಜನಾನ ಟ್ಯಾಗ್ ಮಾಡಿ' ಅಂತಿದ್ರೆ ಅದು ತಮ್ಮ ಪೋಸ್ಟಿಗೆ ಜನ ಸೇರಿಸೋ ಕೆಲ್ಸ, ನೌಕ್ರಿ ಅಲ್ಲ. ಅದಕ್ಕಿಂತ ನಂಗೆ ಹೊಟ್ಟೆ ಉರಿಯೋದು ಮಕ್ಕಳು ಅಲ್ಲೇ ಎಲ್ರಿಗೂ ಕಾಣೋ ಹಾಗೆ ಮೊಬೈಲ್ ನಂಬರ್ ಹಾಕೋದು ನೋಡಿ. ಆ ನಂಬರೆಲ್ಲ ಒಟ್ಟು ಮಾಡ್ಕೊಂಡು ಫೋನ್ ಮಾಡೋರು ಇದಾರೆ: ನಿಮ್ಮ ರೆಸ್ಯೂಮ್ ಸೆಲೆಕ್ಟ್ ಆಗಿದೆ, ರಿಜಿಸ್ಟ್ರೇಶನ್ ಫೀಸ್ ಕಟ್ಟಿ, ಲ್ಯಾಪ್‌ಟಾಪಿಗೆ ಡಿಪಾಸಿಟ್ ಕಟ್ಟಿ, ಟ್ರೇನಿಂಗಿಗೆ ಕಟ್ಟಿ, ಜಾಯಿನ್ ಆದ್ಮೇಲೆ ವಾಪಸ್ ಕೊಡ್ತೀವಿ. ಕೆಲ್ಸ ಕೊಡೋ ಕಂಪನಿ ಕೆಲ್ಸಕ್ಕೆ ಸೇರೋನ ಹತ್ರ ದುಡ್ಡು ಕೇಳಲ್ಲ, ಇದನ್ನ ಬೋರ್ಡ್ ಮೇಲೆ ದೊಡ್ಡದಾಗಿ ಬರೀರಿ. ದುಡ್ಡು ಹೋಗೇಬಿಟ್ರೆ ನಾಚ್ಕೊಂಡು ಕೂರ್ದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಬೇಗ ಹೇಳಿದಷ್ಟು ದುಡ್ಡು ತಡೆಯೋ ಸಾಧ್ಯತೆ ಜಾಸ್ತಿ.

ಪ್ರೊಫೈಲಲ್ಲಿ ವೆರಿಫೈಡ್ ಗುರುತು ಇದೆ ಅಂತ ನಂಬಿಬಿಡ್ಬೇಡಿ ಅಂತಾನೂ ಹೇಳಿ. ಭಾರತದಲ್ಲಿ 2023ರಿಂದ ಆಧಾರ್ ಇಟ್ಕೊಂಡು ವೆರಿಫೈ ಮಾಡಿಸ್ಕೋಬಹುದು, ಅದರಿಂದ ಗೊತ್ತಾಗೋದು ಈ ಮನುಷ್ಯ ಇವ್ನೇ ಅಂತ, ಇವನು ಹೇಳ್ತಿರೋ ಕೆಲ್ಸ ನಿಜ ಅಂತ ಅಲ್ಲ. ಕಂಪನಿಯ ಸ್ವಂತ ಕರಿಯರ್ಸ್ ಪೇಜಲ್ಲಿ ಆ ಓಪನಿಂಗ್ ಇದ್ಯಾ, ಮೇಲ್ ಬಂದಿದ್ದು ಕಂಪನಿ ಹೆಸರಿನ ಐಡಿಯಿಂದಾನಾ ಅಂತ ನೋಡೋದು ರೂಢಿ ಆಗ್ಬೇಕು.

ಎಷ್ಟು ಸಲ ಕೇಳ್ಬಹುದು ಅಂದ್ರೆ, ನನ್ ಪ್ರಕಾರ ಮೊದಲ ಮೆಸೇಜ್ ಆಗಿ ಒಂದು ವಾರ ಬಿಟ್ಟು ಇನ್ನೊಂದ್ಸಲ. ಅಷ್ಟೇ. ಅಷ್ಟಕ್ಕೂ ಉತ್ತರ ಇಲ್ಲ ಅಂದ್ರೆ ಬೇರೆಯೋರನ್ನ ನೋಡ್ಬೇಕು. ಬೆಳಿಗ್ಗೆ ಒಂದು '?' ಮಧ್ಯಾಹ್ನ ಒಂದು '??' ಸಂಜೆ 'ಸರ್ ಸೀನ್ ಆಗಿದೆ ರಿಪ್ಲೈ ಇಲ್ಲ' ಅಂತೆಲ್ಲ ಕಳ್ಸೋರು ಇದಾರೆ, ಅಂಥೋರ ರೆಸ್ಯೂಮ್ ಚೆನ್ನಾಗಿದ್ರೂ ಟೀಮಿಗೆ ಹಾಕೋಕೆ ಮನಸ್ಸು ಹಿಂಜರಿಯುತ್ತೆ. ಲಿಂಕ್ಡ್‌ಇನ್‌ನಲ್ಲಿ ಉತ್ತರ ಬರ್ಲಿಲ್ಲ ಅಂತ ನಂಬರ್ ಹುಡುಕಿ ವಾಟ್ಸಾಪ್ ಮಾಡೋದು, ಭಾನುವಾರ ರಾತ್ರಿ ಫೋನ್ ಮಾಡೋದು, ಅದಂತೂ ಬೇಡ್ವೇ ಬೇಡ.

ಇನ್ನೊಂದು ಮುಖ್ಯವಾದ್ದು. ಕೆಲ್ಸ ಕಳ್ಕೊಂಡೋರು ಪೋಸ್ಟ್ ಹಾಕ್ತಾರಲ್ಲ, ಲೇಆಫ್ ಆಯ್ತು, ಹನ್ನೆರಡು ವರ್ಷ ಆದ್ಮೇಲೆ ಇವತ್ತು ಕೊನೇ ದಿನ ಅಂತ, ಅದರ ಕೆಳಗೂ ಹೋಗಿ 'ಸರ್ ಪ್ಲೀಸ್ ರೆಫರ್ ಮಿ' ಅಂತ ಹಾಕಿರ್ತಾರೆ. ಓದದೇ ಹಾಕೋ ಕಾಮೆಂಟ್ ಅದು. ಆ ಮನುಷ್ಯನ ಮನಸ್ಸಿಗೆ ಹೇಗಾಗಬೇಡ? ಯಾವ್ದೇ ಪೋಸ್ಟಿಗೆ ಕಾಮೆಂಟ್ ಹಾಕೋ ಮುಂಚೆ ಪೂರ್ತಿ ಓದ್ಬೇಕು ಅನ್ನೋದನ್ನ ಪಾಠದ ಥರ ಹೇಳ್ಕೊಡ್ಬೇಕು.

ಇಷ್ಟು ಮಕ್ಕಳಿಗೆ ಹೇಳಿದ್ಮೇಲೆ ನಮ್ಮೋರ ಬಗ್ಗೇನೂ ಹೇಳ್ಬೇಕು, ಇಲ್ಲಾಂದ್ರೆ ನ್ಯಾಯ ಆಗಲ್ಲ. ಮೂರು ರೌಂಡ್ ಇಂಟರ್ವ್ಯೂ ತಗೊಂಡು, ಮಕ್ಕಳು ಹಳ್ಳಿಯಿಂದ ರಾತ್ರಿ ಬಸ್ಸಲ್ಲಿ ಬಂದು ಹೋಗಿ, ಆಮೇಲೆ ಆಗ್ಲಿಲ್ಲ ಅನ್ನೋ ಒಂದು ಸಾಲೂ ಕಳ್ಸದೇ ಮಾಯ ಆಗೋ ರಿಕ್ರೂಟರುಗಳು ಬೇಕಾದಷ್ಟು ಜನ ಇದೀವಿ ಈ ಫೀಲ್ಡಲ್ಲಿ. ಅದು ಕೆಟ್ಟ ನಡವಳಿಕೆ. ಇಲ್ಲ ಅನ್ನೋಕೆ ಎರಡು ನಿಮಿಷ ಸಾಕು, ಟೆಂಪ್ಲೇಟ್ ಆದ್ರೂ ಸರಿ. ಭರ್ತಿ ಆಗಿಹೋದ ಕೆಲ್ಸದ ಪೋಸ್ಟನ್ನ ತಿಂಗಳುಗಟ್ಟಲೆ ತೆಗೀದೇ ಬಿಡೋದು, ಸಂಬಳ ಎಷ್ಟು ಅಂತ ಕೇಳಿದ್ರೆ 'ಆಸ್ ಪರ್ ಇಂಡಸ್ಟ್ರಿ ಸ್ಟ್ಯಾಂಡರ್ಡ್ಸ್' ಅನ್ನೋದು, ಇವೂ ಅದೇ ಸಾಲಿಗೆ ಸೇರ್ತಾವೆ. ಸೌಜನ್ಯ ಬರೀ ಕೆಲ್ಸ ಹುಡುಕೋರ ಹೊಣೆ ಅಲ್ಲ.

---

ಕುಡ್ಲದ_ಹುಡುಗಿ:

ಹೆಣ್ಮಕ್ಕಳ ವಿಷಯ ಕೇಳಿದ್ದೀರಲ್ವಾ ಮೇಡಂ, ಅದಕ್ಕೇ ಬರೀತಿದ್ದೇನೆ. ನಾನು ಮಂಗಳೂರಲ್ಲಿ ಡಿಸೈನ್ ಕೆಲಸ ಮಾಡ್ತೇನೆ.

ಶುರು ಆಗುವುದು ಯಾವಾಗಲೂ ಒಂದೇ ರೀತಿ. ಪ್ರೊಫೈಲಲ್ಲಿ ದೊಡ್ಡ ಪೋಸ್ಟ್ ಇರ್ತದೆ, ವೈಸ್ ಪ್ರೆಸಿಡೆಂಟೋ ಫೌಂಡರೋ ಎಂತದೋ. ನಿಮ್ಮ ಕೆಲಸ ಚೆನ್ನಾಗುಂಟು, ನಮ್ಮಲ್ಲಿ ಒಂದು ಪ್ರಾಜೆಕ್ಟ್ ಉಂಟು ಅಂತ. ಎರಡನೇ ದಿನ ನಂಬರ್ ಕೊಡಿ, ವಾಟ್ಸಾಪಲ್ಲಿ ಮಾತಾಡುವ. ಮೂರನೇ ದಿನ ನಿಮ್ಮ ಡಿಪಿ ಚಂದ ಉಂಟು, ಮದುವೆ ಆಗಿದೆಯಾ. ಪ್ರಾಜೆಕ್ಟಿನ ಸುದ್ದಿಯೇ ಇಲ್ಲ ಮತ್ತೆ. ಹುಡುಗಿಯರಿಗೆ ಕಷ್ಟ ಆಗುವುದು ಎಲ್ಲಿ ಅಂದ್ರೆ, ಇಷ್ಟು ದೊಡ್ಡೋರಿಗೆ ಉತ್ತರ ಕೊಡದಿದ್ರೆ ಅಹಂಕಾರ ಅಂದ್ಕೊಳ್ತಾರಾ, ಕೆಲಸ ತಪ್ಪಿ ಹೋಗ್ತದಾ ಅಂತ. ನಿಮ್ಮ ಕ್ಲಾಸಲ್ಲಿ ಇದನ್ನು ಗಟ್ಟಿಯಾಗಿ ಹೇಳಿ ಮೇಡಂ, ರಿಕ್ವೆಸ್ಟ್ ಆಕ್ಸೆಪ್ಟ್ ಮಾಡಿದ್ದು ಅಂದ್ರೆ ಮಾತಾಡ್ತಾ ಇರಬೇಕು ಅಂತ ಒಪ್ಪಿದ್ದಲ್ಲ. ಕೆಲಸದ ವಿವರ ಇಲ್ಲಿಯೇ ಬರೆಯಿರಿ, ಇಲ್ಲಾಂದ್ರೆ ಕಂಪನಿ ಮೇಲ್‌ನಿಂದ ಕಳ್ಸಿ ಅಂತ ಒಂದು ಸಾಲು ಹಾಕಿದ್ರೆ ಸಾಕು, ನಿಜವಾದ ಕೆಲಸ ಇದ್ದವರು ಖುಷಿಯಲ್ಲೇ ಕಳಿಸ್ತಾರೆ, ಉಳಿದವರು ಅಲ್ಲಿಗೇ ನಿಲ್ತಾರೆ.

ನಿಲ್ಲದಿದ್ರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಮತ್ತೆ ರಿಪೋರ್ಟ್, ಮತ್ತೆ ಬ್ಲಾಕ್. ಅದೇ ಆಫೀಸಿನವನಾಗಿದ್ರೆ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಕೆಲಸದವರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅಲ್ಲಿ ದೂರು ಕೊಡಬಹುದು, ಮೆಸೇಜಲ್ಲಿ ಮಾಡಿದ್ದೂ ದೂರಿಗೆ ಬರ್ತದೆ. ಬೇಡ ಅಂತ ಸ್ಪಷ್ಟ ಹೇಳಿದ ಮೇಲೂ ಬೇರೆ ಬೇರೆ ಕಡೆಯಿಂದ ಬೆನ್ನು ಬಿದ್ರೆ ಅದು ಹಿಂಬಾಲಿಸುವ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್, ಪೊಲೀಸರಿಗೆ ಹೋಗಬಹುದು. ಹೆದರಿಸ್ಲಿಕ್ಕೆ ಹೇಳ್ತಿಲ್ಲ, ದಾರಿ ಉಂಟು ಅಂತ ಗೊತ್ತಿದ್ರೆ ಹುಡುಗಿಯರಿಗೆ ಧೈರ್ಯ ಬರ್ತದೆ.

ಗಂಡು ಹುಡುಗರನ್ನೂ ಅದೇ ಕ್ಲಾಸಲ್ಲಿ ಕೂರಿಸಿ ದಯವಿಟ್ಟು. ಇದನ್ನು ಹೆಣ್ಣುಮಕ್ಕಳಿಗೆ ಮಾತ್ರ ಬೇರೆ ರೂಮಲ್ಲಿ ಹೇಳಿದ್ರೆ ಉಪಯೋಗ ಇಲ್ಲ. ಒಬ್ಬ ಹುಡುಗಿ ತನ್ನ ಇಂಟರ್ನ್‌ಶಿಪ್ ಬಗ್ಗೆ ಪೋಸ್ಟ್ ಹಾಕಿದ್ರೆ ಕೆಳಗೆ ಕೇಳಬೇಕಾದ್ದು ಆ ಕೆಲಸದ ಬಗ್ಗೆ. 'ಬ್ಯೂಟಿಫುಲ್' ಅಂತ ಬರೆಯುವ ಜಾಗ ಅದಲ್ಲ.

---

ಉದ್ಯಮಬಾಗ_ಮಷಿನ್‌ಶಾಪ್:

ಎಲ್ಲಾರೂ ಐಟಿ ಮಂದೀನ ಮಾತಾಡಾಕತ್ತೀರಿ, ನಮ್ಮಂಥಾ ಸಣ್ಣ ಕಾರಖಾನೆದವರದೂ ಒಂದೀಟ ಕೇಳ್ರಿ. ಬೆಳಗಾವಿ ಉದ್ಯಮಬಾಗದಾಗ ನಂದೊಂದು ಮಷಿನ್ ಶಾಪ್ ಐತಿ, ಸಿಎನ್‌ಸಿ ಮ್ಯಾಲೆ ಹೈಡ್ರಾಲಿಕ್ ಪಾರ್ಟ್ಸ್ ಮಾಡ್ತೀವಿ. ಮೊದಲ ಪುಣೆ ಕೊಲ್ಹಾಪುರ ತಿರುಗಿ ತಿರುಗಿ ಆರ್ಡರ್ ಹುಡುಕತಿದ್ವಿ, ಈಗ ಪರ್ಚೇಸ್ ಮ್ಯಾನೇಜರ್‌ಗಳೆಲ್ಲಾ ಲಿಂಕ್ಡ್‌ಇನ್‌ದಾಗ ಸಿಗ್ತಾರ್ರಿ, ನಮಗ ಭಾಳ ಉಪಯೋಗ ಆಗೇತಿ.

ಖರೇ ಅಂದ್ರ ನಮ್ಮ ಕಡೆ ಹುಡುಗ್ರು ಮಾಡೋ ದೊಡ್ಡ ತಪ್ಪು ಬ್ಯಾರೇನ ಐತಿ. ಹೊಸದಾಗಿ ಟ್ರೇನಿ ಅಂತ ಸೇರ್ತಾರ, ಮೊದಲ ಪಾರ್ಟ್ ಕೈಯಿಂದ ಚಂದ ಬಂತು ಅಂತ ಖುಷಿ ಆಗ್ತೈತಿ, ಆಗಬೇಕಾದ್ದ, ಫೋಟೋ ತಗದು ಹಾಕ್ತಾರ. ಹಿಂದ ಟೇಬಲ್ ಮ್ಯಾಲೆ ಗಿರಾಕೀದು ಡ್ರಾಯಿಂಗ್ ಕಾಣ್ತಿರ್ತೈತಿ, ಪಾರ್ಟ್ ನಂಬರ್, ಟಾಲರನ್ಸ್ ಎಲ್ಲಾ. ದೊಡ್ಡ ಕಂಪನಿ ಕೆಲ್ಸ ತಗೋಳುವಾಗ ನಾವು ಗುಟ್ಟು ಬಿಡಂಗಿಲ್ಲ ಅಂತ ಕಾಗದಕ್ಕ ಸಹಿ ಹಾಕಿರ್ತೀವ್ರಿ. ಆ ಒಂದ ಫೋಟೋದಿಂದ ಗಿರಾಕಿ ಹೋಗಬಹುದು. ಐಟಿಯವರೂ ಹಂಗ ಅಲ್ಲೇನ್ರಿ, ಮೊದಲ ದಿನದ ಸೆಲ್ಫಿ ಹಿಂದ ಸ್ಕ್ರೀನ್ ಮ್ಯಾಲೆ ಏನ ಕಾಣ್ತೈತಿ ಅಂತ ನೋಡೂದಿಲ್ಲ, ಕೊಳ್ಳಾಗಿನ ಐಡಿ ಕಾರ್ಡಿನ ಬಾರ್‌ಕೋಡ್ ಸುದ್ದಾ ಹಾಕ್ತಾರ. ಪೋಸ್ಟ್ ಹಾಕೂ ಮುಂದ ಮ್ಯಾನೇಜರ್‌ಗ ಒಂದ ಮಾತ ಕೇಳೂದು ಕಲಸ್ರಿ ಮೇಡಂ. ಕೇಳಿದ್ರ ಬ್ಯಾಡ ಅನ್ನಂಗಿಲ್ಲ, ಈ ಕಡೆಯಿಂದ ತಗಿ, ಡ್ರಾಯಿಂಗ್ ಸರಿಸಿ ತಗಿ ಅಂತ ನಾವ ಹೇಳ್ತೀವಿ.

ಇನ್ನ ಮಾರಾಟದ ಮಂದಿ. ಆಕ್ಸೆಪ್ಟ್ ಮಾಡಿ ಒಂದ ನಿಮಿಷ ಆಗಿರಂಗಿಲ್ಲ, ನಾಕ ಪುಟದ ಕ್ಯಾಟಲಾಗ್ ಬಂದ ಬೀಳ್ತೈತಿ. ನಾ ಏನ ಮಾಡ್ತೀನಿ ಅಂತ ಪ್ರೊಫೈಲ್ ನೋಡಿದ್ರ ಗೊತ್ತಾಗ್ತೈತಿ, ಮಷಿನ್ ಶಾಪ್‌ನವಗ ಸಾಲೀ ಮಕ್ಕಳ ಆ್ಯಪ್ ಮಾರಾಕ ಬಂದ್ರ ಏನ ಹೇಳೂದ್ರಿ. ಕೇಳದ ವಾಟ್ಸಾಪ್ ಗ್ರೂಪಿಗೆ ಸೇರಸೂದು ಇನ್ನೂ ಕೆಟ್ಟ. ನಾ ಹೆಂಗ ಮಾಡ್ತೀನಂದ್ರ, ಮೊದಲ ಆ ಕಂಪನಿ ಏನ ಮಾಡ್ತೈತಿ ನೋಡ್ತೀನಿ, ಅವರ ಎಂಜಿನಿಯರ್ ಏನರೇ ಬರದಿದ್ರ ಓದಿ ನನಗ ಗೊತ್ತಿದ್ದದ್ದು ಒಂದೆರಡು ಸಾಲ ಹೇಳ್ತೀನಿ, ಕ್ರೋಮ್ ಪ್ಲೇಟಿಂಗ್ ಆದಮ್ಯಾಲೆ ಸೈಜ್ ಹೆಂಗ ಹಿಡಿಬೇಕು ಇಂಥಾದ್ದು. ಎರಡ ಮೂರ ತಿಂಗಳ ಹೋಗ್ತೈತಿ. ಆಮ್ಯಾಲೆ ಅವರ ಕೇಳ್ತಾರ, ನಿಮ್ಮಲ್ಲಿ ಎಷ್ಟ ಮಷಿನ್ ಅದಾವು, ಒಂದ ಸ್ಯಾಂಪಲ್ ಮಾಡ್ತೀರೇನು ಅಂತ. ಎಚ್‌ಆರ್ ಮೇಡಂ ಒಂದ ಸಲ ನೆನಪ ಮಾಡಿದ್ರ ಸಾಕು ಅಂದ್ರಲ್ಲ, ಧಂದೆದಾಗ ಅದು ನಡಿಯಂಗಿಲ್ರಿ, ನಾ ಮೂರು ಸಲ ಕೇಳ್ತೀನಿ, ಆದ್ರ ಪ್ರತಿ ಸಲ ಹೇಳಾಕ ಹೊಸಾದು ಏನರೇ ಇರಬೇಕು. ಹೊಸ ಮಷಿನ್ ಬಂತು, ಐಎಸ್‌ಒ ಆಡಿಟ್ ಆತು, ಇಂಥಾದ್ದು. ಬರೇ 'ಏನಾತ್ರಿ ಸರ್' ಅಂತ ಕೇಳೂದಿಲ್ಲ.

---

ಎಚ್‌ಆರ್_ಮೈಸೂರು:

ಅದು ಒಪ್ಪೋ ಮಾತು, ವ್ಯವಹಾರದಲ್ಲಿ ಬೇರೆ ಲೆಕ್ಕ. ಕೆಲ್ಸ ಕೇಳೋ ಮಕ್ಕಳಿಗೂ ಹೊಸ ವಿಷ್ಯ ಇದ್ರೆ ಮೂರನೇ ಸಲ ಬರೀಬಹುದು, ಸರ್ಟಿಫಿಕೇಶನ್ ಆಯ್ತು, ಪ್ರಾಜೆಕ್ಟ್ ಮುಗೀತು ಅಂತ. ಫೋಟೋ ವಿಷ್ಯ ನಂಗೆ ಹೊಳೆದೇ ಇರ್ಲಿಲ್ಲ, ಒಳ್ಳೇದು ಹೇಳಿದ್ರಿ. ಇಂಟರ್ನ್‌ಶಿಪ್ ಪೋಸ್ಟುಗಳಲ್ಲಿ ಇದು ದಿನಾ ನೋಡ್ತೀವಿ.

---

ಪ್ಲೇಸ್‌ಮೆಂಟ್_ಮೇಡಂ:

ಓದಿ ಕಣ್ಣು ತೆರೀತು, ಎಲ್ರಿಗೂ ತುಂಬಾ ಥ್ಯಾಂಕ್ಸ್. ಗಂಡು ಹುಡುಗ್ರನ್ನೂ ಒಟ್ಟಿಗೇ ಕೂರಿಸ್ತೀನಿ, ಅದು ಖಂಡಿತ. ಒಂದು ಸಂಶಯ, ನಮ್ಮ ಮಕ್ಕಳು ಪರಿಚಯ ಇರೋರಿಗೆ ಕೇಳೋಕೆ ಸಂಕೋಚ ಪಡ್ತಾರೆ, ಪೂರ್ತಿ ಅಪರಿಚಿತರಿಗೆ ಧೈರ್ಯವಾಗಿ ಕಳಿಸ್ತಾರೆ. ಸ್ವಂತ ಸೀನಿಯರ್‌ಗೆ ಕೇಳೋಕೆ ನಾಚಿಕೆ, ಎಲ್ಲೋ ಇರೋ ಡೈರೆಕ್ಟರ್‌ಗೆ 'ಪ್ಲೀಸ್ ರೆಫರ್'. ಇದನ್ನ ಹೇಗೆ ತಿದ್ದೋದು?

---

ಜರ್ಮನಿಯಿಂದ:

ಮೇಡಂ ನಾನು ಹಾಸನದ ಕಡೆಯೋನು, ಈಗ ಜರ್ಮನಿಯಲ್ಲಿ ಆಟೋಮೋಟಿವ್ ಕೆಲಸ. ನಿಮ್ಮ ಸಂಶಯಕ್ಕೆ ಗಟ್ಟಿ ಉತ್ತರ ಇದೆ. ಮಾರ್ಕ್ ಗ್ರಾನೊವೆಟರ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಬರೆದಿದ್ರು, ಕೆಲಸದ ಸುದ್ದಿ ಸಿಗೋದು ತೀರಾ ಹತ್ತಿರದ ಗೆಳೆಯರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರೋರಿಂದ ಜಾಸ್ತಿ ಅಂತ, ಯಾಕಂದ್ರೆ ಹತ್ತಿರದೋರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದನ್ನ ಲಿಂಕ್ಡ್‌ಇನ್‌ನಲ್ಲೇ ಪರೀಕ್ಷೆ ಮಾಡಿ ನೋಡಿತು, ಐದು ವರ್ಷ, ಎರಡು ಕೋಟಿ ಜನರ ಡೇಟಾ. ಅದ್ರಲ್ಲಿ ಕೆಲಸ ಬದಲಾಯಿಸೋಕೆ ಹೆಚ್ಚು ನೆರವಾಗಿದ್ದು ಸುಮಾರು ಹತ್ತು ಜನ ಕಾಮನ್ ಕನೆಕ್ಷನ್ ಇರೋಂಥ ಮಧ್ಯಮ ಪರಿಚಯಗಳು. ಅಂದ್ರೆ ನಿಮ್ಮ ಮಕ್ಕಳಿಗೆ ಯಾರು? ಎರಡು ಮೂರು ಬ್ಯಾಚ್ ಹಿಂದಿನ ಸೀನಿಯರ್, ಇಂಟರ್ನ್‌ಶಿಪ್ಪಲ್ಲಿ ಪಕ್ಕದ ಟೇಬಲಲ್ಲಿ ಕೂತಿದ್ದೋರು, ಅಕ್ಕನ ಕ್ಲಾಸ್‌ಮೇಟು. ಡೈರೆಕ್ಟರ್ ಅಲ್ಲ. ಕಾಲೇಜಿನ ಲಿಂಕ್ಡ್‌ಇನ್ ಪೇಜಲ್ಲಿ ಅಲಮ್ನೈ ಅಂತ ಒಂದು ಭಾಗ ಇರುತ್ತೆ, ಯಾರು ಯಾವ ಊರಲ್ಲಿ, ಯಾವ ಕಂಪನೀಲಿ, ಎಂಥ ಕೆಲಸದಲ್ಲಿ ಇದಾರೆ ಅಂತ ಸೋಸಿ ನೋಡಬಹುದು. ಕ್ಲಾಸಲ್ಲಿ ಪ್ರೊಜೆಕ್ಟರ್ ಹಾಕಿ ಅದನ್ನ ತೋರ್ಸಿ.

ಅವ್ರಿಗೂ ಮೊದಲೇ ರೆಫರಲ್ ಬೇಡ. 'ಸರ್, ನಿಮ್ಮ ಮೊದಲ ವರ್ಷದಲ್ಲಿ ದಿನಾ ಯಾವ ಟೂಲ್ ಬಳಸ್ತಿದ್ರಿ' ಅಂತ ಒಂದೇ ಪ್ರಶ್ನೆ ಕೇಳಿದ್ರೆ ಯಾರಾದ್ರೂ ಉತ್ತರ ಕೊಡ್ತಾರೆ, ಅದಕ್ಕೆ ಐದು ನಿಮಿಷ ಸಾಕು. 'ಗೈಡ್ ಮಿ' ಅಂದ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ, ಹಾಗಾಗಿ ಅದು ಹಾಗೇ ಉಳ್ಕೊಂಡುಬಿಡುತ್ತೆ. ವಿದೇಶದಲ್ಲಿರೋರಿಗೆ ಬರೆಯೋರು ಇದನ್ನೂ ಗಮನಿಸ್ಬೇಕು, ಇಲ್ಲಿ ಆಫೀಸ್ ಮುಗಿದ್ಮೇಲೆ, ಶನಿವಾರ ಭಾನುವಾರ ಕೆಲಸದ ಮೆಸೇಜಿಗೆ ಉತ್ತರ ಕೊಡೋ ರೂಢಿ ಕಮ್ಮಿ, ಅದಕ್ಕೆ ಬೇಜಾರು ಮಾಡ್ಕೋಬಾರ್ದು. ಸಂಬಳ ಎಷ್ಟು, ವೀಸಾ ಮಾಡಿಸ್ಕೊಡ್ತೀರಾ ಅಂತ ಮೊದಲ ಮೆಸೇಜಲ್ಲೇ ಕೇಳಿದ್ರೆ ಊರಿನ ಹುಡುಗನೇ ಆದ್ರೂ ಉತ್ತರ ಕೊಡೋಕೆ ಕಷ್ಟ ಆಗುತ್ತೆ.

---

ಪ್ಲೇಸ್‌ಮೆಂಟ್_ಮೇಡಂ:

ಅಲಮ್ನೈ ಭಾಗ ಈಗಷ್ಟೇ ತೆಗೆದು ನೋಡಿದೆ, ನಮ್ಮ ಕಾಲೇಜಿನೋರು ಇಷ್ಟು ಕಡೆ ಇದಾರೆ ಅಂತ ನನಗೇ ಗೊತ್ತಿರ್ಲಿಲ್ಲ, ಖುಷಿ ಆಯ್ತು.

ಕೊನೇದಾಗಿ ನನ್ನದೇ ಒಂದು ಪ್ರಶ್ನೆ. ಮಕ್ಕಳು ಪ್ರೊಫೈಲಿಗೆ ರೆಕಮೆಂಡೇಶನ್ ಬರ್ಕೊಡಿ ಮೇಡಂ ಅಂತ ಸಾಲುಗಟ್ಟಿ ಕೇಳ್ತಾರೆ, ಕೆಲವ್ರು ತಾವೇ ಬರ್ಕೊಂಡು ಬಂದು ಇದನ್ನ ಹಾಕ್ಬಿಡಿ ಅಂತಾರೆ. ಎಲ್ರಿಗೂ ಒಂದೇ ಪ್ಯಾರಾ ಹಾಕೋಕೆ ಮನಸ್ಸು ಒಪ್ಪಲ್ಲ, ಇಲ್ಲ ಅಂದ್ರೆ ಮುಖ ಸಣ್ಣದು ಮಾಡ್ಕೋತಾರೆ. ನೀವು ಅದನ್ನ ಓದ್ತೀರಾ?

---

ಔಟರ್_ರಿಂಗ್_ರೋಡ್:

ಓದ್ತೀವಿ ಮೇಡಂ, ಎರಡು ಮೂರು ಇದ್ರೆ ಓದ್ತೀವಿ. ಅದಕ್ಕೇ ಎಲ್ರಿಗೂ ಕೊಡ್ಬೇಡಿ. ಒಂದೇ ಕಾಲೇಜಿನ ಇಬ್ರು ಹುಡುಗ್ರು ಒಂದೇ ಡ್ರೈವ್‌ಗೆ ಬರ್ತಾರೆ, ಇಬ್ರ ಪ್ರೊಫೈಲಲ್ಲೂ ಒಂದೇ ಪ್ಯಾರಾ ಕಂಡ್ರೆ ಅವತ್ತಿಂದ ನಿಮ್ಮ ಮಾತಿಗೆ ಬೆಲೆ ಹೋಯ್ತು, ಪಾಪ ನಿಜವಾಗಿ ಚೆನ್ನಾಗಿ ಕೆಲ್ಸ ಮಾಡಿದ ಮೂರನೇ ಹುಡುಗಿಗೂ ಅದರಿಂದ ನಷ್ಟ. ಸ್ಕಿಲ್‌ಗಳ ಕೆಳಗೆ ಒತ್ತೋ ಎಂಡೋರ್ಸ್‌ಮೆಂಟು 2012ರಲ್ಲಿ ಬಂದಾಗಿಂದ ನೀನು ನಂಗೊತ್ತು ನಾನು ನಿಂಗೊತ್ತೀನಿ ಅಂತ ಆಗಿ ಈಗ ಯಾರೂ ಅದನ್ನ ನೋಡಲ್ಲ, ರೆಕಮೆಂಡೇಶನ್ನೂ ಹಾಗಾಗ್ಬಾರ್ದು.

ಪ್ರಾಜೆಕ್ಟ್ ಗೈಡ್ ಮಾಡಿದೋರಿಗೆ ಮಾತ್ರ ಬರೀರಿ, ಕಣ್ಣಾರೆ ಕಂಡ ಒಂದು ಕೆಲ್ಸ ಹೇಳಿ. 'ಹಾರ್ಡ್ ವರ್ಕಿಂಗ್, ಸಿನ್ಸಿಯರ್' ಅಂತ ಇದ್ರೆ ನಾವು ಮುಂದೆ ಹೋಗ್ತೀವಿ. 'ಡೆಮೋ ಹಿಂದಿನ ದಿನ ಸೆನ್ಸರ್ ರೀಡಿಂಗ್ ತಪ್ಪು ಬರ್ತಿತ್ತು, ಇವ್ಳು ಲ್ಯಾಬಲ್ಲಿ ಕೂತು ಒಂದೊಂದೇ ವೈರ್ ಚೆಕ್ ಮಾಡಿ ಗ್ರೌಂಡ್ ಕನೆಕ್ಷನ್ ಲೂಸ್ ಇರೋದು ಹಿಡಿದ್ಲು' ಅಂತ ಇದ್ರೆ ಇಂಟರ್ವ್ಯೂನಲ್ಲಿ ನಾವು ಅದರ ಬಗ್ಗೇನೇ ಕೇಳ್ತೀವಿ, ಅವ್ಳೂ ಧೈರ್ಯವಾಗಿ ಮಾತಾಡ್ತಾಳೆ. ಉಳಿದೋರಿಗೆ 'ನಿನ್ನ ಕೆಲ್ಸ ನಾನು ಹತ್ತಿರದಿಂದ ನೋಡಿಲ್ಲಮ್ಮ, ನಿನ್ನ ಮಿನಿ ಪ್ರಾಜೆಕ್ಟ್ ಗೈಡ್ ಹತ್ರ ಕೇಳು, ಅವ್ರು ಬರೆದ್ರೆ ತೂಕ ಜಾಸ್ತಿ' ಅಂತ ಹೇಳಿ, ಯಾರೂ ಮುಖ ಸಣ್ಣದು ಮಾಡಲ್ಲ. ಅವ್ರೇ ಬರ್ಕೊಂಡು ಬಂದಿದ್ದನ್ನ ಹಾಗೇ ಹಾಕ್ಬೇಡಿ, ಬೇಕಿದ್ರೆ ಏನೇನು ಮಾಡಿದ್ದೆ ಅಂತ ನಾಲ್ಕು ಪಾಯಿಂಟ್ ಬರ್ಕೊಂಡು ಬಾ ಅಂತ ಹೇಳಿ, ಅದನ್ನ ನೋಡ್ಕೊಂಡು ನಿಮ್ಮ ಮಾತಲ್ಲಿ ಬರೀರಿ. ಕ್ಲಾಸ್ ಶನಿವಾರ ಇಟ್ಕೊಂಡ್ರೆ ಹೇಳಿ, ನಾನು ಅರ್ಧ ಗಂಟೆ ಆನ್‌ಲೈನ್ ಬಂದು ಆ ಪೋರ್ಟಲ್‌ನಲ್ಲಿ ಏನೇನು ಕೇಳ್ತಾರೆ ಅಂತ ಮಕ್ಕಳಿಗೆ ವಿವರಿಸ್ತೀನಿ.